ಮೋಜಾ ಬಿಚ್ಚದವನ ಹಾಡು

ಆ ಬೀದಿಯಲ್ಲಿ ಸತ್ತವರಿಗೆ ಎರಡು ಭಾಗ್ಯ ಖಾತ್ರಿಯಿತ್ತು: ಮೈಮೇಲೆ ಗರಿಗರಿ ಇಸ್ತ್ರಿಯ ಬಟ್ಟೆ, ತಲೆಯ ಬಳಿ ಎದೆ ಬಿರಿಯುವಂಥ ಅಳು. ಎರಡೂ ಒಬ್ಬಳಿಂದಲೇ.

ಇಸ್ತ್ರಿ ಅಂಗಡಿ ನಡೆಸುವ ಅವಳನ್ನು ಎಲ್ಲರೂ ಅಳುವಕ್ಕ ಎಂದೇ ಕರೆಯುತ್ತಿದ್ದರು. ಐವತ್ತೆಂಟರ ಗಟ್ಟಿ ಹೆಂಗಸು. ಸ್ವಂತಕ್ಕೆಂದು ಅತ್ತದ್ದು ಅಷ್ಟಕ್ಕಷ್ಟೇ. ಆದರೆ ಯಾರ ಮನೆಯಲ್ಲಾದರೂ ಸಾವಾಯಿತೆಂದರೆ ಇಸ್ತ್ರಿಪೆಟ್ಟಿಗೆ ಆರಿಸಿ ಹೊರಟುಬಿಡುವಳು. ಹೋದವಳೇ ರಾಗ ತೆಗೆಯುತ್ತಿರಲಿಲ್ಲ. ಮೊದಲು ಅಡುಗೆಮನೆಗೆ ನುಗ್ಗಿ ಎಂಜಲು ಲೋಟಗಳನ್ನು ತೊಳೆದಿಡುವಳು. ಆಮೇಲೆ ಮನೆಯವರ ಪಕ್ಕ ಕೂತು, "ಯಾವುದಕ್ಕೆ ಜಗಳ ಆಡ್ತಿದ್ರು? ಯಾವ ಮಗ್ಗುಲಿಗೆ ಮಲಗ್ತಿದ್ರು?" ಎಂದು ಕೇಳುವಳು. ಸಿಕ್ಕ ಉತ್ತರಗಳನ್ನೇ ಹೆಣೆದು ಎಳೆದೆಳೆದು ಅತ್ತಳೆಂದರೆ, ಮುಖ ತೋರಿಸಿ ಹೋಗಲು ಬಂದ ದೂರದ ನೆಂಟರೂ ಮೂಗು ಒರೆಸಿಕೊಳ್ಳಬೇಕು.

ಬೀಗ ರಿಪೇರಿಯವನು ತೀರಿಕೊಂಡಾಗಲೂ ಹೀಗೇ ಆಗಿತ್ತು. ಅವನ ಹೆಂಡತಿ ಬಿಕ್ಕುತ್ತ ಹೇಳಿದ್ದಳು: "ಎಡಗಿವಿ ಕೇಳಿಸ್ತಿರಲಿಲ್ಲ ಅಕ್ಕಾ. ನಾನು ಬೈಯುವಾಗ ಬಲಗಿವೀನೂ ಕೇಳಿಸ್ತಿರಲಿಲ್ಲ. ಮಲಗುವಾಗ ಕಾಲಿನ ಮೋಜಾ ಬಿಚ್ಚು ಅಂತ ಮೂವತ್ತು ವರ್ಷ ಬಡ್ಕೊಂಡೆ. ಬಿಚ್ಚಲೇ ಇಲ್ಲ." ಅವತ್ತು ಅಳುವಕ್ಕ ಅತ್ತ ಹಾಡಿನಲ್ಲಿ ಊರಿನ ಬೀಗಗಳೂ ಇದ್ದವು, ಎಡಗಿವಿಯೂ ಇತ್ತು, ಮೋಜಾ ಕೂಡ ಇತ್ತು.

ನಾಲ್ಕು ತಿಂಗಳ ನಂತರ, ಒಂದು ಮಂಗಳವಾರ ಬೆಳಿಗ್ಗೆ, ಬ್ಯಾಂಕಿನಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಟೀ-ಶರ್ಟ್ ಇಸ್ತ್ರಿಗೆ ತಂದಳು. ಅದರ ಮೇಲೆ "ಅತ್ತು ಹಗುರಾಗಿ" ಎಂದು ಅಚ್ಚಾಗಿತ್ತು. ಕಾಯುತ್ತ ನಿಂತವಳು ಏನೋ ಗುನುಗತೊಡಗಿದಳು. ಅಳುವಕ್ಕನ ಕಿವಿ ನೆಟ್ಟಗಾಯಿತು, ಕೈ ನಿಂತೇಹೋಯಿತು. ಟೀ-ಶರ್ಟಿನ "ಹ" ಕರಗಿ ಇಸ್ತ್ರಿಪೆಟ್ಟಿಗೆಗೆ ಮೆತ್ತಿಕೊಂಡಿತು.

"ಈ ರಾಗ ಎಲ್ಲಿ ಕಲಿತ್ರಿ?"

"ಉಸಿರು ಮೇಡಂ ಕ್ಲಾಸಲ್ಲಿ, ಅಲ್ಲಿ ಅಳೋದು ಕಲಿಸ್ತಾರೆ. ಬೆಟ್ಟದಾಚೆ ಯಾವುದೋ ಜನಾಂಗದ್ದಂತೆ ರೀ, ಸಾವಿರಾರು ವರ್ಷ ಹಳೇದು. ಟೆನ್ಷನ್ ಎಲ್ಲ ಹೋಗಿಬಿಡುತ್ತೆ. ಬನ್ನಿ, ಮೊದಲ ದಿನ ಫ್ರೀ."

ಮರುದಿನವೇ ಅಳುವಕ್ಕ ಬೀಗದವನ ಹೆಂಡತಿಯನ್ನು ಎಬ್ಬಿಸಿಕೊಂಡು ಹೊರಟಳು. ಫರ್ನಿಚರ್ ಅಂಗಡಿಯ ಮೇಲಿನ ಮಹಡಿಯಲ್ಲಿ ದೊಡ್ಡ ಹಾಲ್. ಮೂವತ್ತಕ್ಕೂ ಹೆಚ್ಚು ಮೆತ್ತನೆಯ ಚಾಪೆ, ಪ್ರತಿ ಚಾಪೆಯ ಪಕ್ಕ ಒಂದು ಟಿಶ್ಯೂ ಡಬ್ಬಿ, ಮೂಲೆಯಲ್ಲಿ ಪ್ಲಾಸ್ಟಿಕ್ ಬಿದಿರು. ಕಾಲರಿಗೆ ಮೈಕ್ ಸಿಕ್ಕಿಸಿಕೊಂಡ ನಲವತ್ತರ ಉಸಿರು ಮೇಡಂ ಬೆಣ್ಣೆಯಂಥ ದನಿಯಲ್ಲಿ ಹೇಳಿದಳು:

"ಕಣ್ಣು ಮುಚ್ಚಿ. ಈಗ ಮೊದಲನೇ ಶಬ್ದ, ಮೋಜಾಬೀ… ಎದೆಯ ಗಂಟು ಬಿಡಿಸೋ ಪ್ರಾಚೀನ ಶಬ್ದ ಇದು. ಅರ್ಥ ಹುಡುಕಬೇಡಿ, ಅರ್ಥ ಇಲ್ಲ. ಸುಮ್ಮನೆ ಅನುಭವಿಸಿ. ಮೋಜಾಬೀ… ಚ್ಚದವನೇ…"

"ಮೋಜಾಬೀ… ಚ್ಚದವನೇ…" ಎಂದು ಮೂವತ್ತು ಜನ ಗೋಳಿಟ್ಟರು.

ಅಳುವಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಇದು ನನ್ನದೇ ಹೌದಾ ಎಂದು ಖಚಿತ ಮಾಡಿಕೊಳ್ಳಲು ತಾನೂ ಒಮ್ಮೆ ದನಿ ತೆಗೆದಳು. ಮೇಡಂ ಹತ್ತಿರ ಬಂದು ಮೆಲ್ಲಗೆ ಅವಳ ಹೊಟ್ಟೆ ಮುಟ್ಟಿದಳು.

"ಗಂಟಲಿಂದ ಅಳ್ತಿದ್ದೀರಿ ಅಮ್ಮ. ಇಲ್ಲಿಂದ ಬರ್ಬೇಕು. ಪರವಾಗಿಲ್ಲ, ಹೊಸಬರಿಗೆ ಕಷ್ಟ."

ನಲವತ್ತು ವರ್ಷ ಊರಿನ ಹೆಣಗಳಿಗೆಲ್ಲ ಅತ್ತವಳು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಚಾಪೆಯಿಂದ ಕಿಸಕ್ಕನೆ ಸದ್ದು ಬಂತು. ಬೀಗದವನ ಹೆಂಡತಿ ಬಾಯಿಗೆ ಟಿಶ್ಯೂ ತುರುಕಿಕೊಂಡು ನಗುತ್ತಿದ್ದಳು.

"ಅಕ್ಕಾ, ಅವನು ಹೋದಾಗ ಹನ್ನೊಂದು ಜನ ಬಂದಿದ್ರು. ಇಲ್ಲಿ ನೋಡು, ಮೂವತ್ತು ಜನ ಅವನ ಮೋಜಾಕ್ಕೆ ಅಳ್ತಿದ್ದಾರೆ!" ಎಂದಳು. ನಗುನಗುತ್ತಲೇ ಅವಳ ಮುಖ ಮುದುಡಿತು. ಎದ್ದು ನಿಂತು ಕೂಗಿದಳು: "ಅರ್ಥ ಇಲ್ಲ ಅಂದ್ರಲ್ಲ ಮೇಡಂ? ಅದು ನನ್ನ ಗಂಡ ಕಣ್ರೀ!"

ಗೋಳು ಗಕ್ಕನೆ ನಿಂತಿತು. ಮೋಜಾ ಎಂದರೇನು, ಬಿಚ್ಚದವನು ಯಾರು ಎಂದು ಅವಳು ಬಿಡಿಸಿ ಹೇಳಿದಳು. ಬ್ಯಾಂಕಿನವಳು ತನ್ನ ಕಾಲಿನ ಮೋಜಾ ನೋಡಿಕೊಂಡಳು. ಮೇಡಂ ಮುಖ ಹುಳ್ಳಗಾಯಿತು. ಮೈಕ್ ಆರಿಸುವುದು ಮರೆತು ಆಡಿದ ಮಾತು ಹಾಲಿಗೆಲ್ಲ ಕೇಳಿಸಿತು.

"ಈ ಹಾಲಿನ ಬೀಗ ಎರಡು ಸಲ ಅವರೇ ತೆಗೆದುಕೊಟ್ಟಿದ್ರು. ಅವರು ಹೋದ ದಿನ ನೋಡೋಕೆ ಬಂದಿದ್ದೆ. ಬಾಗಿಲಲ್ಲೇ ನಿಂತು ಕೇಳ್ತಾ ಕೇಳ್ತಾ ಹಿಂದೆಂದೂ ಅಳದ ಹಾಗೆ ಅತ್ತುಬಿಟ್ಟೆ. ಫೋನಲ್ಲಿ ರೆಕಾರ್ಡ್ ಮಾಡ್ಕೊಂಡೆ. ಪದ ಸರಿಯಾಗಿ ಕೇಳಿಸಲಿಲ್ಲ."

"ಕೇಳಿಸದಿದ್ರೆ ಕೇಳ್ಬೇಕಿತ್ತು," ಎಂದಳು ಅಳುವಕ್ಕ. "ನಾಲ್ಕೇ ಹೆಜ್ಜೆ ಒಳಗಿದ್ವಿ. ಬೆಟ್ಟದಾಚೆ ಯಾಕೆ ಹೋದ್ರಿ?"

ಮರುದಿನ ಉಸಿರು ಮೇಡಂ ಇಸ್ತ್ರಿ ಅಂಗಡಿಗೇ ಬಂದಳು. ಮೈಕಿಲ್ಲದೆ ಅವಳ ದನಿ ಸಣ್ಣಗಿತ್ತು. "ಪೋಸ್ಟರ್ ಮೇಲೆ ನಿಮ್ಮ ಹೆಸರು ಹಾಕ್ತೀನಿ ಅಮ್ಮ, ಫೋಟೋನೂ ಹಾಕ್ತೀನಿ."

"ನನ್ನ ಮೋರೆ ಕಟ್ಕೊಂಡು ಏನಾಗ್ಬೇಕು? ರಾಗ ನಂದೂ ಅಲ್ಲ, ನಮ್ಮ ಸೋದರತ್ತೆಯಿಂದ ಬಂದದ್ದು. ಯಾರು ಬೇಕಾದ್ರೂ ಅಳಲಿ. ಆದ್ರೆ ಹೆಣ ಆ ಮನೆಯವರದು. ಹೋಗಿ ಅವಳನ್ನ ಕೇಳು." ಸಿಟ್ಟಿನ ಭರದಲ್ಲಿ ಬಹುವಚನ ಬಿಟ್ಟುಹೋಗಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಮೇಡಂ ಹೋದಳು. ಬೀಗದವನ ಹೆಂಡತಿ ಅವಳನ್ನು ಕೂರಿಸಿಕೊಂಡು ಸತತ ಮೂರು ಗಂಟೆ ಗಂಡನ ಪುರಾಣ ಬಿಚ್ಚಿದಳು. ಮೇಡಂ ಒಂದು ಸಲವೂ ಫೋನು ಮುಟ್ಟಲಿಲ್ಲ. ಕೊನೆಗೆ ಬೀಗದವನ ಹೆಂಡತಿಯೇ ಹೇಳಿದಳು: "ಹಾಡ್ಕೊಳ್ಳಿ. ಆದ್ರೆ ಪೂರ್ತಿ ಹಾಡಿ. ಕಿವೀನೂ ಬಿಡಬಾರದು."

ಕ್ಲಾಸಿನಲ್ಲಿ ಈಗ ಕಣ್ಣು ಮುಚ್ಚುವ ಮೊದಲು ಯಾರಿಗಾಗಿ ಅಳುತ್ತೀರಿ ಎಂದು ಹೇಳಬೇಕೆಂಬ ನಿಯಮ ಬಂತು. ಹಗುರಾಗಲು ಬಂದಿದ್ದವರಿಗೆ ಇದು ತೀರಾ ಭಾರವಾಯಿತು. ಇಪ್ಪತ್ತಮೂರು ಜನ ಬಿಟ್ಟುಹೋದರು. ಉಳಿದ ಏಳು ಜನರಲ್ಲಿ ಬ್ಯಾಂಕಿನವಳೂ ಒಬ್ಬಳು. ಅವಳಿಗೆ ತೀರಿಹೋದ ಅಕ್ಕನೊಬ್ಬಳಿದ್ದ ಸಂಗತಿ ಅಳುವಕ್ಕನಿಗೆ ಗೊತ್ತಾದದ್ದೇ ಆಗ.

ಮುಂದಿನ ತಿಂಗಳು ದರ್ಜಿಯ ತಾಯಿ ಹೋದಾಗ ಅಳುವಕ್ಕ ಮೇಡಂಳನ್ನೂ ಜೊತೆಗೆ ಕರೆದೊಯ್ದಳು. ಮೇಡಂ ಮೊಣಕೈವರೆಗೆ ತೋಳು ಮಡಚಿ ಲೋಟ ತೊಳೆದಳು, ಒಂದನ್ನು ಒಡೆದಳು. ಆಮೇಲೆ ದರ್ಜಿಯ ಪಕ್ಕ ಕೂತು, "ಅಮ್ಮ ಯಾವುದಕ್ಕೆ ನಗ್ತಿದ್ರು?" ಎಂದು ಕೇಳಿದಳು. ಅದು ಅಳುವಕ್ಕ ನಲವತ್ತು ವರ್ಷದಲ್ಲಿ ಒಮ್ಮೆಯೂ ಕೇಳದ ಪ್ರಶ್ನೆ. ದರ್ಜಿ ಯೋಚಿಸಿದ. "ನಾನು ಮೊದಲು ಹೊಲಿದ ಅಂಗಿಗೆ," ಎಂದವನೇ ಹೋ ಎಂದು ಅತ್ತುಬಿಟ್ಟ.

ಮೇಡಂ ರಾಗ ತೆಗೆದಾಗ ಮಾತ್ರ ಕತ್ತೆ ಕೆಮ್ಮಿದ ಹಾಗಿತ್ತು. ಅಳುವಕ್ಕ ಅವಳ ಬೆನ್ನಿಗೊಂದು ಗುದ್ದಿ ಕಿವಿಯಲ್ಲಿ ಹೇಳಿದಳು: "ಹೊಟ್ಟೆ ಬಿಡೇ ತಾಯಿ, ಗಂಟಲಿಂದ ಅಳು."