ಅಂಜಿನಿ ಹಂಪು

“ಹಂಪು ತೆಗೆದ್ರ ನನ್ನ ಸೀತಾಫಲ ಯಾರು ತಗಂತಾರಂತ ಕೇಳ್ರಿ ಮದ್ಲು! ಬಸ್ಸು ನಿಧಾನ ಆದ್ರ ತಾನೇ ಕಿಟಕ್ಯಾಗಿಂದ ಕೈ ಹೊರಗ ಬರೋದು?”

ನಾಗಲಿಂಗಮ್ಮನ ಈ ಮಾತಿಗೆ ಕಮಾಲಸಾಬನ ಪಂಕ್ಚರ್ ಅಂಗಡಿ ಮುಂದೆ ಸೇರಿದ್ದವರೆಲ್ಲ ಹೌದೌದೆಂದರು. ಕಾನಹೊಸಹಳ್ಳಿ ದಾಟಿದ ಮೇಲೆ ಸಿಗುವ ಆ ಊರಲ್ಲಿ ಹೆದ್ದಾರಿ ಅಗಲವಾಗಲಿತ್ತು. ನಾಲ್ಕು ಸಾಲಿನ ರಸ್ತೆಯಲ್ಲಿ ವೇಗ ತಡೆಯುವ ಹಂಪು ಇರಬಾರದಂತೆ. ಜೆಸಿಬಿ ಬೆಳಿಗ್ಗೆಯೇ ಬಂದು ನಿಂತಿತ್ತು, ಊರವರು ಅಡ್ಡಗಟ್ಟಿದ್ದರು.

“ನನ್ನ ಗಿರಾಕಿನೂ ಹಂಪಿಂದನ ಬರೋದು,” ಎಂದ ಕಮಾಲಸಾಬ. “ಗಾಡಿ ಜಿಗಿದ್ರ ತಾನೇ ಟ್ಯೂಬು ಹೋಗೋದು?”

“ಮೊಳಿ ನೀನ ಚೆಲ್ಲಿರ್ತಿ ಬಿಡಲೇ ಕಮಾಲ, ಹಂಪಿಗ್ಯಾಕ ಕೆಟ್ಟ ಹೆಸರು ತರ್ತಿ!” ಎಂದ ಗುಂಪಿನಲ್ಲಿದ್ದ ಪಾಲಾಕ್ಷಪ್ಪ. ಜನ ನಕ್ಕರು.

ಹಂಪಿನ ಮೇಲೆಯೇ ಕುಳಿತಿದ್ದ ಬೊಮ್ಮಮ್ಮ ನಗಲಿಲ್ಲ. ಕೆಲವು ವರ್ಷದ ಹಿಂದೆ ಅವಳ ಒಬ್ಬನೇ ಮಗ ಅಂಜಿನೇಯಲು ಹಾಲಿನ ಕ್ಯಾನು ಹಿಡಿದು ಇಲ್ಲೇ ರಸ್ತೆ ದಾಟುವಾಗ ಅದಿರಿನ ಲಾರಿ ಅವನ ಮೇಲೆ ಹಾದುಹೋಗಿತ್ತು. ಅವತ್ತು ಇದೇ ಜನ ಹೆಣ ಎತ್ತಗೊಡದೆ, ಮುಳ್ಳುಕಂಟಿ ಅಡ್ಡ ಎಳೆದು, ಮನೆಯಲ್ಲಿ ಒಲೆ ಹಚ್ಚದೆ ಕುಳಿತು ಈ ಹಂಪು ಹಾಕಿಸಿದ್ದರು. ಆಮೇಲೆ ಕಂಡಕ್ಟರುಗಳೂ ‘ಅಂಜಿನಿ ಹಂಪು’ ಎಂದೇ ಕೂಗಿ ಜನರನ್ನು ಇಳಿಸುವುದು ರೂಢಿಯಾಯಿತು. ಲಾರಿಗಳು ಬ್ರೇಕು ಹಾಕಿದ ಸದ್ದು ಬೊಮ್ಮಮ್ಮನಿಗೆ ಮನೆಯೊಳಗೂ ಕೇಳುತ್ತಿತ್ತು. ನನ್ನ ಮಗನಿಗೆ ದಾರಿ ಬಿಟ್ಟರು ಅಂದುಕೊಳ್ಳುತ್ತಿದ್ದಳು. ಇದನ್ನು ಯಾರಿಗೂ ಹೇಳಿದವಳಲ್ಲ.

ರಸ್ತೆಯ ಎಂಜಿನಿಯರು ಬಂದ. ಒಳ್ಳೆಯ ಮನುಷ್ಯನೇ. ಎಲ್ಲರಿಗೂ ಚಹಾ ತರಿಸಿದ. ಮಾರುವವರಿಗೆ ಬಸ್ಸು ನಿಲ್ಲುವಲ್ಲಿ ತಗಡಿನ ನೆರಳು ಹಾಕಿಸುತ್ತೇನೆ, ಪಂಕ್ಚರ್ ಅಂಗಡಿಗೆ ಸರ್ವಿಸ್ ರಸ್ತೆಯಲ್ಲಿ ಜಾಗ ಬಿಡಿಸುತ್ತೇನೆ, ದಾಟುವುದಕ್ಕೆ ಅರ್ಧ ಮೈಲಿ ಆಚೆ ರಸ್ತೆಯ ಅಡಿಯಲ್ಲೇ ದಾರಿ ಬರುತ್ತದೆ ಎಂದ. ಚಹಾ ಮುಗಿಯುವುದರೊಳಗೆ ಗುಂಪಿನ ಮಾತು ತಗಡು ಎಷ್ಟು ಉದ್ದ ಎನ್ನುವತ್ತ ಹೊರಳಿತ್ತು. ಒಬ್ಬೊಬ್ಬರೇ ಎದ್ದರು. ನಾಗಲಿಂಗಮ್ಮ ಮಾತ್ರ ಬುಟ್ಟಿ ಹೊತ್ತು ಬೊಮ್ಮಮ್ಮನ ಬಳಿ ಬಂದಳು.

“ಏಳು ಯಕ್ಕಾ. ಆತು ಬಿಡು.”

“ನಿಮಗ ಆತವ್ವಾ.”

“ನಾ ಏನ್ ಮಾಡ್ಲಿ, ಹೊಟ್ಟಿಪಾಡು. ಹಂಗ ನೋಡಬ್ಯಾಡ ನನ್ನ.”

“ನಿನಗ ಬೈಯಾಕತ್ತಿಲ್ಲ. ನಾನೂ ಇಲ್ಲಿ ಏನರ ಮಾರ್ತಿದ್ರ ಏಳ್ತಿದ್ನೇನೋ.”

ಎಂಜಿನಿಯರು ಬಂದು ಅವಳೆದುರು ಕುಕ್ಕರಗಾಲಲ್ಲಿ ಕುಳಿತ. “ನಿಮಗೇನು ಬೇಕಮ್ಮ?”

“ಕೇಳಿದೋರು ನೀವೊಬ್ಬರ ನೋಡ್ರಿ. ಹಂಪು ತೆಗೀರಿ. ಇಲ್ಲೊಂದೀಟು ನಿಧಾನ ಹೋಗ್ರಿ ಅಂತ ಬೋರ್ಡು ಬರಸ್ರಿ. ನನ್ನ ಮಗನ ಹೆಸರೂ ಬ್ಯಾಡ.”

“ಬೋರ್ಡು ಹಾಕಿಸ್ತೀನಮ್ಮ. ಆದ್ರೆ ಸುಳ್ಳು ಹೇಳಲ್ಲ, ಯಾರೂ ನಿಧಾನ ಹೋಗಲ್ಲ. ಜೋರಾಗಿ ಹೋಗ್ಲಿ ಅಂತಾನೇ ಈ ರಸ್ತೆ ಮಾಡ್ತಿರೋದು.”

“ಹಂಗಾರ ಬ್ಯಾಡ ಬಿಡ್ರಿ. ಓದಿನೂ ನಿಧಾನ ಆಗ್ಲಿಲ್ಲಂದ್ರ ಇನ್ನೂ ಸಂಕಟ.”

ಬೊಮ್ಮಮ್ಮ ಮೊಣಕಾಲು ಹಿಡಿದು ಎದ್ದು ಬದಿಗೆ ಸರಿದಳು. ಜೆಸಿಬಿಯ ಹಲ್ಲು ಡಾಂಬರಿಗೆ ಇಳಿಯಿತು. ಮಧ್ಯಾಹ್ನದ ಹೊತ್ತಿಗೆ ಅಲ್ಲಿ ನೆಲ ಸಮ ಮಾಡಿ ವಾಹನಗಳನ್ನು ಬಿಟ್ಟರು. ಅವಳ ಮನೆ ಆಚೆ ಬದಿಗಿತ್ತು. ಸೆರಗು ಸಿಕ್ಕಿಸಿಕೊಂಡು ರಸ್ತೆಗೆ ಕಾಲಿಟ್ಟಳು. ಲಾರಿಯೊಂದು ಹಾರ್ನು ಹೊಡೆಯುತ್ತ ಬಂದ ವೇಗದಲ್ಲೇ ಹೋಯಿತು. ಕಾಲು ಹಿಂದಕ್ಕೆ ತೆಗೆದುಕೊಂಡಳು. ಅದರ ಬೆನ್ನಿಗೇ ಇನ್ನೊಂದು ಬಂತು.