ಮೆಲುಕು ಕದ್ದ ಮ್ಯಾರೆಟ್

ಮ್ಯಾರೆಟ್ ಯಾರ ಯೋಗಕ್ಷೇಮವನ್ನೂ ಬಾಯಿಬಿಟ್ಟು ಕೇಳಿದವಳಲ್ಲ. ಹೊಟ್ಟೆಗೆ ಕಿವಿಯಿಟ್ಟು ಆಲಿಸುತ್ತಿದ್ದಳು. ಹಸುವಾಗಲಿ, ನಾಯಿಯಾಗಲಿ, ಜ್ವರದ ಕೂಸಾಗಲಿ, ಒಮ್ಮೆ ಸಾಕ್ಷಾತ್ ಪಾದ್ರಿಯೇ ಆಗಲಿ, ತಲೆವಸ್ತ್ರವನ್ನು ಹಿಂದಕ್ಕೆ ಸರಿಸಿ, ಕಿವಿಯನ್ನು ಪಕ್ಕೆಗೆ ಒತ್ತಿ, ಕಣ್ಣು ಮುಚ್ಚಿ ನಿಂತುಬಿಡುವಳು. ಪಾದ್ರಿ ಬೆಂಚಿನಿಂದ ಜಿಗಿದೆದ್ದದ್ದನ್ನು ಬಡಗಣ ಬೆಟ್ಟನಾಡಾದ ಯೆಮ್ಟ್‌ಲ್ಯಾಂಡಿನ ನಮ್ಮ ಕಣಿವೆಯವರು ಇಂದಿಗೂ ಹೇಳಿಕೊಂಡು ನಗುತ್ತೇವೆ. "ಉಪ್ಪುಮೀನು ಜಾಸ್ತಿಯಾಯ್ತು ಸ್ವಾಮಿ, ಒಳಗೆ ಜಗಳ ನಡೀತಿದೆ" ಎಂದು ಅವಳು ತೀರ್ಪು ಕೊಟ್ಟಳಂತೆ. ಕುಳ್ಳ ದೇಹ, ಅತ್ತಿತ್ತ ತೂಗಾಡುವ ನಡಿಗೆ, ಬೇಸಿಗೆಯಲ್ಲೂ ಮೈಬಿಡದ ಕುರಿತೊಗಲಿನ ಅಂಗಿ. ಆ ಅಂಗಿಯ ಬಲತೋಳನ್ನು ಭುಜದವರೆಗೂ ಕತ್ತರಿಸಿ ತೆಗೆದಿದ್ದಳು. ಏಕೆಂದು ಸೊಸೆ ರಾಗ್ನಾಳಿಗೆ ತಿಳಿದದ್ದು ಮದುವೆಯಾದ ಮೊದಲ ಬೇಸಿಗೆಯಲ್ಲಿ.

ರಾಗ್ನಾ ಕಡಲತೀರದ ಮೀನುಗಾರರ ಮಗಳು. ತವರಿನಿಂದ ಅವಳ ಜೊತೆ ಬಂದ ಜೀವ ಲಿಲ್ಯಾ ಎಂಬ ಹಸುವೊಂದೇ. ಅದನ್ನು ಮುದ್ದಿಸಲು ಬಲ್ಲಳೇ ಹೊರತು ಸಾಕಲು ಅರಿಯಳು. ಬೇಸಿಗೆ ಬಂದೊಡನೆ ಗಂಡಸರನ್ನು ಕೆಳಗೆ ಹುಲ್ಲು ಕೊಯ್ಯಲು ಬಿಟ್ಟು, ಹೆಂಗಸರು ಹಸುಗಳನ್ನು ಹೊಡೆದುಕೊಂಡು ಬೆಟ್ಟದ ಗುಡಿಸಲು ಸೇರುವುದು ನಮ್ಮಲ್ಲಿ ರೂಢಿ. ಅಲ್ಲಿ ಲಿಲ್ಯಾಳ ಹಾಲು ಕಡಿಮೆಯೆಂದು ಪಕ್ಕದ ಗುಡಿಸಲಿನ ಯೋಲಿನ್ ಚುಚ್ಚಿದ್ದಳು. ರೋಷಗೊಂಡ ರಾಗ್ನಾ, ರೊಟ್ಟಿಗೆಂದು ಹೊತ್ತು ತಂದಿದ್ದ ಬಾರ್ಲಿ ಹಿಟ್ಟನ್ನೆಲ್ಲ ಗುಟ್ಟಾಗಿ ಹಸುವಿಗೆ ಕಲಸಿಟ್ಟಳು. ಮರುದಿನ ಹಸು ತಲೆ ಇಳಿಬಿಟ್ಟು ನಿಂತಿತ್ತು. ಹೊಟ್ಟೆ ಉಬ್ಬಿತ್ತು, ಉಸಿರು ಹುಳಿ ನಾರುತ್ತಿತ್ತು, ದವಡೆ ಅಲುಗುತ್ತಿರಲಿಲ್ಲ.

"ನಿನ್ನ ಹಸು ಮೆಲುಕು ಕಳ್ಕೊಂಡಿದೆ ಕಣೇ" ಎಂದಳು ಯೋಲಿನ್.

ರಾಗ್ನಾ ಹುಲ್ಲುಗಾವಲಿಗೆ ಓಡಿದಳು. ಕಳೆದುಹೋದದ್ದು ಎಲ್ಲೋ ಬಿದ್ದಿರಲೇಬೇಕಲ್ಲ! ಮಂಡಿಯೂರಿ, ಇಬ್ಬನಿಯಲ್ಲಿ ತೊಯ್ದು, ಹುಲ್ಲನ್ನು ಬಗೆಬಗೆದು ನೋಡುತ್ತಿದ್ದಾಗ ಅತ್ತೆ ಬಂದಳು.

"ಏನೇ ಹುಡುಕ್ತಿದ್ದೀಯ?"

"ಮೆಲುಕು, ಅತ್ತೆ. ಲಿಲ್ಯಾ ಎಲ್ಲೋ ಬೀಳಿಸಿದ್ದಾಳಂತೆ."

ಹಿಂದೆಯೇ ಬಂದಿದ್ದ ಯೋಲಿನ್ ಬಿದ್ದು ಬಿದ್ದು ನಕ್ಕಳು. ಮ್ಯಾರೆಟ್ ನಗಲಿಲ್ಲ. ಗುಡಿಸಲಿನತ್ತ ಹೋಗಿ ಲಿಲ್ಯಾಳ ಎಡಪಕ್ಕೆಗೆ ಕಿವಿಯಿಟ್ಟು ಬಹಳ ಹೊತ್ತು ನಿಂತಳು.

"ಸ್ಮಶಾನ ಆಗಿದೆ ಒಳಗೆ. ಏನು ತಿನ್ನಿಸ್ದೆ?"

"ಹಿಟ್ಟು... ಹಾಲು ಜಾಸ್ತಿ ಬರ್ಲಿ ಅಂತ."

"ಹುಲ್ಲು ಅರಗಿಸೋದು ಹಸು ಅಂದ್ಕೊಂಡ್ಯಾ? ಕಾಡಲ್ಲಿ ನೆಲದಡಿ ಕಣ್ಣಿಗೆ ಬೀಳದ ಸಣ್ಣ ಜನ ಇರ್ತಾರಲ್ಲ, ಅಂಥವರು ಇವಳ ಹೊಟ್ಟೇಲೂ ಇದ್ದಾರೆ. ಅವರು ಬೇಯಿಸಿ ಹಾಕಿದ್ರೆ ಇವಳು ಉಣ್ತಾಳೆ. ನಿನ್ನ ಹಿಟ್ಟು ಹುಳಿಯಾಗಿ ಅವರೆಲ್ಲ ಸತ್ರು. ಮುದ್ದು ಮಾಡಿ ಕೊಲ್ತಿದ್ದೀಯ ಹಸೂನ."

ರಾಗ್ನಾ ಹಸುವಿನ ಕೊರಳು ತಬ್ಬಿ ಅಳತೊಡಗಿದಳು. ತವರಿನ ಈ ಒಂದು ಜೀವವನ್ನು ತನ್ನ ಕೈಯಾರೆ ಕೊಂದು, ಹಸು ಕೊಂದ ಸೊಸೆಯೆಂದು ಬೆಟ್ಟ ಇಳಿಯಬೇಕೆ?

"ಅಳೋದು ಆಮೇಲೆ. ಬಾ, ಬೇರೆ ಹಸುವಿನ ಮೆಲುಕು ಕದಿಯೋಣ, ಅದರಲ್ಲಿ ಆ ಸಣ್ಣ ಜನ ಇನ್ನೂ ಬದುಕಿದ್ದಾರೆ."

ಮುದಿ ಹಸು ಗುಲ್ರೂಸ್ ನೆರಳಲ್ಲಿ ಮಲಗಿ, ಲೋಕದ ಗೊಡವೆಯಿಲ್ಲದೆ ಮೆಲುಕು ಹಾಕುತ್ತಿತ್ತು. ಅದರ ಕೊರಳಲ್ಲಿ ಉಂಡೆಯೊಂದು ಮೇಲೇರಿ ಬಾಯಿಗೆ ಬಂದದ್ದೇ ತಡ, ಮ್ಯಾರೆಟ್ ಬರಿದೋಳನ್ನು ದವಡೆಯೊಳಗೆ ತೂರಿಸಿ, ಬಿಸಿಯಾದ, ಲೋಳೆ ಸುರಿಯುವ ಹಸಿರು ಮುದ್ದೆಯನ್ನು ಸರಕ್ಕನೆ ಕಿತ್ತು ತೆಗೆದಳು. ರಾಗ್ನಾ ಬೆಚ್ಚಿ ಹಿಂದೆ ಸರಿದಳು. ಹುಟ್ಟಿದಂದಿನಿಂದ ಮೀನಿನ ಕರುಳು ಬಗೆದವಳು ಅವಳು. ಆದರೂ ಬದುಕಿರುವ ಪ್ರಾಣಿಯ ಬಾಯಿಂದ ಅರ್ಧ ಅಗಿದ ತುತ್ತನ್ನು ಕಸಿಯುವುದನ್ನು ಅವಳು ಎಂದೂ ಕಂಡಿರಲಿಲ್ಲ.

ಮ್ಯಾರೆಟ್ ಅದನ್ನು ಲಿಲ್ಯಾಳ ಬಾಯಿಗೆ ತುರುಕಿದರೆ ಲಿಲ್ಯಾ ಉಗುಳಿತು. ಮ್ಯಾರೆಟ್ ಮತ್ತೆ ಕದ್ದು ತಂದಳು, ಅದು ಮತ್ತೆ ಉಗುಳಿತು.

"ನನ್ನ ಕೈ ಒಲ್ಲೆ ಅಂತಾಳೆ. ನೀನು ಹಾಕು."

"ನಾನಾ?"

"ಹಿಟ್ಟು ತಿನ್ನಿಸೋವಾಗ ಯಾರನ್ನ ಕೇಳಿದ್ದೆ?"

ರಾಗ್ನಾ ಕಣ್ಣು ಮುಚ್ಚಿ ಕೈ ತೂರಿಸಿದಳು. ಒರಟು ನಾಲಗೆ ತೋಳನ್ನು ಉಜ್ಜಿತು, ಹಲ್ಲು ತರಚಿತು. "ಇನ್ನೂ ಒಳಗೆ, ಇನ್ನೂ" ಎಂದು ಅತ್ತೆ ಗದರುತ್ತಲೇ ಇದ್ದಳು. ಮೊಣಕೈ ಮುಳುಗಿದ ಮೇಲೆ ಹಸುವಿನ ಗಂಟಲು ಅವಳ ಬೆರಳುಗಳನ್ನು ಅಮುಕಿ, ಮುದ್ದೆಯನ್ನು ತಾನೇ ಎಳೆದುಕೊಂಡಿತು. ಒಂದು ಜೀವ ನುಂಗುವುದೆಂದರೇನೆಂದು ಹೀಗೆ ಮೈಮುಟ್ಟಿ ತಿಳಿದೀತೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ. ಆ ದಿನವೆಲ್ಲ ಇಬ್ಬರೂ ಕದ್ದರು, ತುರುಕಿದರು. ಗುಲ್ರೂಸ್ ಬೇಸತ್ತು ಎದ್ದುಹೋದರೂ ಬೆನ್ನು ಬಿಡಲಿಲ್ಲ.

ಬಿಸಿಲು ಇಳಿಮುಖವಾದಾಗ ಲಿಲ್ಯಾ ತೇಗಿತು. ಅದರ ಕೊರಳಿನಲ್ಲಿ ಉಂಡೆಯೊಂದು ಕೆಳಗಿನಿಂದ ಮೇಲಕ್ಕೆ, ನಿಧಾನವಾಗಿ, ಏರಿತು. ದವಡೆ ಆಡಿತು.

"ಅತ್ತೆ!" ಎಂದು ಕಿರುಚಿ ರಾಗ್ನಾ ನೆಲಕ್ಕೆ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು. ಮ್ಯಾರೆಟ್ ಕೈಯನ್ನು ಲಂಗಕ್ಕೆ ಒರೆಸಿಕೊಂಡು, ಉಳಿದಿದ್ದ ಒಂದೇ ಬಾರ್ಲಿ ರೊಟ್ಟಿಯನ್ನು ಮುರಿದು ಅರ್ಧವನ್ನು ಅವಳತ್ತ ಚಾಚಿದಳು. ರೊಟ್ಟಿಯ ಮೇಲೆ ಹಸಿರು ಹೆಬ್ಬೆರಳಿನ ಗುರುತಿತ್ತು. "ತಿನ್ನು. ನಿನ್ನ ಹೊಟ್ಟೆ ಆಗ್ಲಿಂದ ಕೂಗ್ತಿದೆ." ರಾಗ್ನಾ ತಿಂದಳು.

ಊಟವೆಂದರೆ ನಮಗೆಲ್ಲ ಮೇಜು, ಬಟ್ಟೆ, ಪ್ರಾರ್ಥನೆ. ಗಂಟಲಿನಾಚೆ ನಡೆಯುವುದರ ಮಾತೆತ್ತಿದರೆ ಮುಖ ಸಿಂಡರಿಸುತ್ತೇವೆ. ಮ್ಯಾರೆಟ್‌ಳಂಥವರ ಅಂತಃಕರಣ ಗಂಟಲಿನಾಚೆಯೇ ಶುರುವಾಗುತ್ತದೆ. ನೋಡುವವರಿಗೆ ಅದು ಭಯಂಕರ. ತಲೆ ಸವರಿ ಸಮಾಧಾನ ಹೇಳಲು ಅದಕ್ಕೆ ಬಾರದು, ನೆಟ್ಟಗೆ ಗಂಟಲಿಗೇ ಕೈಹಾಕುತ್ತದೆ. ಅಂಥವರ ಕೈಗೆ ಸಿಕ್ಕ ಜೀವ ಮೊದಲು ಬೆಚ್ಚಿಬೀಳುತ್ತದೆ, ಆಮೇಲೆ ಬದುಕಿಕೊಳ್ಳುತ್ತದೆ.