ಗೋಡೆ ಬಿಟ್ಟ ಮೇಜು

ಯಾರೇ ಮಾತಾಡಲಿ, ಅವರ ಮುಖಕ್ಕೆ ಮುಖ ಕೊಟ್ಟು ನೋಡುತ್ತಿದ್ದಳೆಂದು ಮನೆಯವರು ಅವಳನ್ನು ಇಣುಕಿ ಎಂದು ಕರೆಯುತ್ತಿದ್ದರು. ಆರನೇ ವಯಸ್ಸಿನಲ್ಲಿ ಬಂದ ಜ್ವರ ಹೋಗುವಾಗ ಕಿವಿಯನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ತುಟಿ ಕಂಡರೆ ಮಾತು ತಿಳಿಯುತ್ತಿತ್ತು, ಕಾಣದಿದ್ದರೆ ಇಲ್ಲ. ಶಾಲೆಯಲ್ಲಿ ಮೇಷ್ಟ್ರು ಹಲಗೆಯ ಕಡೆ ತಿರುಗಿಕೊಂಡೇ ಪಾಠ ಹೇಳುತ್ತಿದ್ದರು. ಏಳನೇ ತರಗತಿಯವರೆಗೆ ಅವರ ಬೆನ್ನು ನೋಡಿ ನೋಡಿ ಸಾಕಾಗಿ ಇಣುಕಿ ಮನೆಯಲ್ಲೇ ಉಳಿದಳು.

ಈಗ ಅವಳಿಗೆ ಇಪ್ಪತ್ತೊಂದು. ಮೂರು ತಿಂಗಳಿಂದ ಒಂದು ತರಬೇತಿ ಕೇಂದ್ರಕ್ಕೆ ಹೋಗಿ ಬರುತ್ತಿದ್ದಳು. ಕಣ್ಣು ಕಾಣದವರು, ಕೈಕಾಲು ಸ್ವಾಧೀನವಿಲ್ಲದವರು, ಇವಳ ಹಾಗೆ ಕಿವಿ ಕೇಳದವರು ಅಲ್ಲಿ ಒಂದೊಂದು ಕಸುಬು ಕಲಿಯುತ್ತಿದ್ದರು. ಕಲಿತವರಿಗೆ ಕೆಲಸ ಹುಡುಕಿಕೊಡುವುದು ಚೀಲದಕ್ಕನ ಪಾಲಿಗೆ ಬಂದಿತ್ತು. ಹೆಗಲಿಗೊಂದು ದಪ್ಪ ಚೀಲ, ಚೀಲದ ತುಂಬ ಅರ್ಜಿ. ಕಾರ್ಖಾನೆ, ಅಂಗಡಿ ಎನ್ನದೆ ಬಾಗಿಲು ಬಡಿಯುತ್ತಿದ್ದಳು. "ನೋಡೋಣ" ಅಂದವರ ಬಾಗಿಲಿಗೆ ಮತ್ತೊಮ್ಮೆ ಹೋಗುತ್ತಿದ್ದಳು. "ಆಗಲ್ಲ" ಅಂದವರ ಬಾಗಿಲಿಗೆ ಮೂರು ಸಲ ಹೋಗುತ್ತಿದ್ದಳು.

ನೋಟ್‌ಬುಕ್ ಕಟ್ಟುವ ಕಾರ್ಖಾನೆಯ ಯಜಮಾನರು ಹೀಗೆ ನಾಲ್ಕನೇ ಸಲಕ್ಕೆ ಸೋತವರು. "ಒಂದು ದಿನ ನೋಡ್ತೀನಿ, ಒಂದೇ ದಿನ," ಎಂದಿದ್ದರು. "ಸರಿಹೋದ್ರೆ ಹುಡುಗಿಗೆ ಕೆಲಸ. ಇಲ್ಲಾಂದ್ರೆ ನೀವು ಇನ್ನೊಬ್ಬರನ್ನ ಕಟ್ಕೊಂಡು ಇಲ್ಲಿಗೆ ಬರಬಾರ್ದು."

ಚೀಲದಕ್ಕನದು ಒಂದು ಪದ್ಧತಿ. ಯಾವ ಕೆಲಸಕ್ಕೆ ಜನ ಕಳಿಸಬೇಕೋ ಆ ಕೆಲಸವನ್ನು ಮೊದಲು ತಾನೇ ಮಾಡಿ ನೋಡುವುದು. ಕಾರ್ಖಾನೆಯಲ್ಲಿ ಎರಡು ದಿನ ಕೂತು ಹಾಳೆ ಮಡಚುವುದನ್ನು ಕಲಿತಳು. ಆಮೇಲೆ ಕೇಂದ್ರಕ್ಕೆ ಬಂದು, ತುಟಿ ಕಾಣಲೆಂದು ಇಣುಕಿಯ ಎದುರಿಗೇ ಕೂತು, ಕಲಿತದ್ದನ್ನು ಕಲಿಸಿದಳು. ಅಕ್ಕನ ಕೈ ಹೇಗೆ ಆಡಿತೋ ಇಣುಕಿಯ ಕೈಯೂ ಹಾಗೇ ಆಡಿತು. ತಿಂಗಳು ಕಳೆಯುವಷ್ಟರಲ್ಲಿ ಶಿಷ್ಯೆಯ ವೇಗ ಗುರುವನ್ನು ಮೀರಿಸಿತ್ತು.

ಆ ದಿನ ಬೆಳಿಗ್ಗೆ ಹೊರಡುವಾಗ ಅಮ್ಮ ಮಗಳ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಹೇಳಿದರು: "ಅವರು ಬೇಡ ಅಂದ್ರೆ ಬೇಜಾರ್ ಮಾಡ್ಕೋಬೇಡ, ಬಂದ್ಬಿಡು. ಮನೆಯೇನು ಓಡಿಹೋಗಲ್ಲ."

ಟವೆಲ್ ಅಂಗಡಿಯವರು ವಾಪಸು ಕಳಿಸಿದಾಗಲೂ ಮನೆ ಓಡಿಹೋಗದೆ ಕಾದಿತ್ತು. ಮಾತ್ರೆ ಡಬ್ಬಿ ತುಂಬುವಲ್ಲಿಂದ ಬಂದಾಗಲೂ ಕಾದಿತ್ತು. ಮೂರನೇ ಸಲವೂ ಅದು ಹಾಗೇ ಕಾದಿರುವುದು ಇಣುಕಿಗೆ ಬೇಕಿರಲಿಲ್ಲ.

ಕಾರ್ಖಾನೆ ಎಂದರೆ ಒಂದು ಉದ್ದ ಕೋಣೆ. ಗೋಡೆಗೆ ಆನಿಸಿದ ಭಾರದ ಮರದ ಮೇಜು, ಅದರ ಈಚೆ ಬದಿಗೆ ಸಾಲಾಗಿ ಆರು ಸ್ಟೂಲು. ಕೂತವರೆಲ್ಲ ಗೋಡೆಗೆ ಮುಖ ಮಾಡಬೇಕು. ಪ್ರತಿಯೊಬ್ಬರ ಎಡಕ್ಕೆ ಬಿಡಿ ಹಾಳೆಯ ಗುಡ್ಡೆ. ಮಡಚಿದ್ದು ಬಲಕ್ಕೆ ಬಿದ್ದು, ಕೈಯಿಂದ ಕೈಗೆ ಸಾಗಿ, ಬಲತುದಿಯ ಹೊಲಿಗೆ ಯಂತ್ರಕ್ಕೆ ತಲುಪಬೇಕು. ಯಂತ್ರದ ಮುಂದೆ ಹೊಲಿಗೆಯಮ್ಮ. ಯಜಮಾನರಿಗಿಂತ ಹಳಬರು, ಯಂತ್ರಕ್ಕಿಂತಲೂ ಹಳಬರು.

ಯಜಮಾನರು ಬಾಗಿಲಲ್ಲೇ ಮತ್ತೆ ರಾಗ ತೆಗೆದರು. "ಅಲ್ಲಮ್ಮಾ, ಬೆಂಕಿಗಿಂಕಿ ಬಿದ್ದು ನಾವು ಕೂಗಿದ್ರೆ ಈ ಹುಡುಗಿಗೆ ಕೇಳ್ಸಲ್ವಲ್ಲ?"

"ನಿಮ್ಮ ಯಂತ್ರದ ಸದ್ದಲ್ಲಿ ಯಾರಿಗೆ ಕೇಳ್ಸುತ್ತೆ ಸಾರ್?" ಎಂದಳು ಚೀಲದಕ್ಕ. "ಬಾಗಿಲ ಮೇಲೊಂದು ಕೆಂಪು ದೀಪ ಹಾಕ್ಸಿ. ಎಲ್ಲರೂ ಬದುಕ್ಕೋತೀರಿ."

ಹೊಲಿಗೆಯಮ್ಮ ಮುಸಿಮುಸಿ ನಕ್ಕರು. ಇಣುಕಿಯನ್ನು ಸಾಲಿನ ನಡುವಿನ ಸ್ಟೂಲಿನ ಮೇಲೆ ಕೂರಿಸಲಾಯಿತು.

ಮೂಲೆಗೆ ಮೂಲೆ ಕೂಡಿಸು, ಮರದ ಪಟ್ಟಿಯಿಂದ ಒಂದು ಸಲ ಉಜ್ಜು, ಪಕ್ಕಕ್ಕಿಡು. ಇಣುಕಿಯ ಕೈ ಓಡಿತು. ಹತ್ತು ಮಡಿಕೆ ಆಗುವಷ್ಟರಲ್ಲಿ ಕೈಗೆ ಲಯ ಸಿಕ್ಕಿತು. ಇಪ್ಪತ್ತಾಗುವಷ್ಟರಲ್ಲಿ ಬಲಗಡೆಯವಳ ಮೊಣಕೈ ಪಕ್ಕೆಗೆ ತಿವಿಯಿತು. ಕೈತುಂಬ ಗಾಜಿನ ಬಳೆ ತೊಟ್ಟವಳು ಅವಳು. ಮತ್ತೆ ತಿವಿಯಿತು. ಪಕ್ಕದಲ್ಲಿ ಕೂತವಳ ತುಟಿ ಕಾಣುವುದಿಲ್ಲವಲ್ಲ, ಇಣುಕಿ ಜಾಗ ಸಾಲದೇನೋ ಎಂದುಕೊಂಡು ಇನ್ನಷ್ಟು ಮುದುರಿ ಕೂತು ಇನ್ನಷ್ಟು ಬೇಗ ಮಡಚಿದಳು.

ಮೇಜು ಅದುರುವುದು ನಿಂತಾಗಲೇ ಏನೋ ಕೆಟ್ಟಿದೆಯೆಂದು ಅವಳಿಗೆ ಗೊತ್ತಾದದ್ದು. ಯಂತ್ರ ನಿಂತಿತ್ತು. ತಿರುಗಿ ನೋಡಿದರೆ ಎಲ್ಲರೂ ಅವಳನ್ನೇ ನೋಡುತ್ತಿದ್ದಾರೆ.

"ನನ್ನ ಗುಡ್ಡೆಗೇ ಕೈ ಹಾಕಿ ಖಾಲಿ ಮಾಡಿದಾಳೆ ನೋಡಿ!" ಬಳೆಯವಳು ಎದ್ದು ನಿಂತಿದ್ದಳು. "ಮಡಚಿದ್ದನ್ನ ಅತ್ಲಾಗೆ ಹಾಕ್ತಾಳೆ. ನಾವೆಲ್ಲ ಒಂದು ದಾರಿ, ಇವಳೊಂದು ದಾರಿ."

ನಿಜ. ಇಣುಕಿ ಬಲದಿಂದ ತೆಗೆದು ಎಡಕ್ಕೆ ಹಾಕಿದ್ದಳು. ಎಡಗಡೆ ಮಡಚಿದ ಹಾಳೆಯೂ ಬಿಡಿ ಹಾಳೆಯೂ ಕಲಸಿಹೋಗಿದ್ದವು.

"ಎಡದಿಂದ ತಗೋ, ಬಲಕ್ಕೆ ಹಾಕು. ಇಷ್ಟನ್ನೂ ಹೇಳಿಕೊಡಲಿಲ್ವೇನ್ರೀ?" ಯಜಮಾನರು ಕೇಳಿದರು.

"ಹಾಗೇ ಹೇಳಿಕೊಟ್ಟಿದೀನಿ!" ಚೀಲದಕ್ಕ ಇಣುಕಿಯ ಎದುರು ನಿಂತು ಗಾಳಿಯಲ್ಲೇ ಹಾಳೆ ಮಡಚಿ ತೋರಿಸಿದಳು. ಇಣುಕಿಯ ಕೈಗಳು ತಾವಾಗಿ ಜೊತೆಗೂಡಿದವು. ಅಕ್ಕನ ಎಡಗೈ ಚಾಚಿದ ಕಡೆಗೇ ಇಣುಕಿಯ ಬಲಗೈ ಚಾಚಿತು. ಚೀಲದಕ್ಕನ ಕೈ ಅಲ್ಲೇ ನಿಂತುಬಿಟ್ಟಿತು.

"ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡಳು. "ಎದುರಿಗೆ ಕೂತು ಕಲಿಸಿದೀನಿ ಸಾರ್. ಕನ್ನಡಿ ನೋಡ್ಕೊಂಡು ಕಲಿತ ಹಾಗಾಗಿದೆ. ತಪ್ಪು ನಂದು, ಅವಳದಲ್ಲ."

"ಯಾರ್ದಾದ್ರೇನು, ಯಂತ್ರ ನಿಂತಿರೋದು ನಂದು. ಕೈ ಬದಲಾಯಿಸ್ಲಿ. ಊಟದವರೆಗೆ ನೋಡ್ತೀನಿ."

ಇಣುಕಿ ಕೈ ಬದಲಾಯಿಸಿದಳು. ಮೂಲೆಗಳು ಕೂಡಲಿಲ್ಲ. ಒಂದು ಹಾಳೆ ಸೊಟ್ಟಗಾಯಿತು, ಇನ್ನೊಂದು ಹರಿಯಿತು. ತನ್ನ ಕೈಗಳನ್ನು ಯಾರೋ ಕಳಚಿ ಅದಲುಬದಲು ಜೋಡಿಸಿದಂತಿತ್ತು. ವಾರ ಕೊಟ್ಟರೆ ರೂಢಿಯಾದೀತು. ಆದರೆ ಇದ್ದದ್ದು ಒಂದೇ ದಿನ, ಅದರಲ್ಲಿ ಅರ್ಧ ಆಗಲೇ ಮುಗಿದಿತ್ತು.

ಊಟಕ್ಕೆ ಎಲ್ಲರೂ ಹೊರಗಿನ ಮೆಟ್ಟಿಲಿಗೆ ಹೋದರು. ಇಣುಕಿ ಬುತ್ತಿ ಬಿಚ್ಚದೆ ಮೇಜಿನ ಮುಂದೆಯೇ ಕೂತಳು. ಕೇಂದ್ರದಲ್ಲಿ ಹೇಗಿತ್ತು? ಅಕ್ಕ ಆ ಬದಿ, ತಾನು ಈ ಬದಿ. ಮಡಚಿದ್ದನ್ನು ಅಕ್ಕ ಕಿಟಕಿಯ ಕಡೆಗೆ ಹಾಕುತ್ತಿದ್ದಳು, ತಾನೂ ಕಿಟಕಿಯ ಕಡೆಗೇ. ಇಬ್ಬರ ಗುಡ್ಡೆಯೂ ಒಂದೇ ದಿಕ್ಕಿಗೆ ಬೆಳೆಯುತ್ತಿತ್ತಲ್ಲ! ಹಾಗಾದರೆ ತನ್ನ ಕೈಯಲ್ಲಿ ತಪ್ಪಿಲ್ಲ. ಕೂತ ಜಾಗ ಮಾತ್ರ ತಪ್ಪು. ತಾನು ಕೂರಬೇಕಾದ ಜಾಗದಲ್ಲಿ ಗೋಡೆಯಿದೆ.

ಎದ್ದು ಮೇಜಿನ ತುದಿ ಹಿಡಿದು ತನ್ನ ಕಡೆಗೆ ಎಳೆದಳು. ಮೇಜು ಒಂದು ಗೇಣು ಸರಿಯಿತು. ಅದು ಎಬ್ಬಿಸಿದ ಕರ್ಕಶ ಸದ್ದು ಕೋಣೆಯಲ್ಲಿದ್ದ ಒಬ್ಬಳಿಗೆ ಮಾತ್ರ ಕೇಳಿಸಲಿಲ್ಲ. ಹೊರಗಿದ್ದವರೆಲ್ಲ ಎಂಜಲು ಕೈಯಲ್ಲೇ ಓಡಿಬಂದರು.

"ಏನಮ್ಮಾ ಇದು?" ಯಜಮಾನರ ಹುಬ್ಬು ಗಂಟಾಯಿತು.

ಇಣುಕಿ ಹೊರಗಿನವರ ಮುಂದೆ ಬಾಯಿ ಬಿಡುವವಳಲ್ಲ. ಮಾತು ಮುದ್ದೆಮುದ್ದೆಯಾಗಿ ಬರುತ್ತದೆ, ಕೇಳಿದವರು ಮುಖ ಮುಖ ನೋಡಿಕೊಳ್ಳುತ್ತಾರೆ. ಚೀಲದಕ್ಕನ ಕಡೆ ಒಮ್ಮೆ ನೋಡಿದಳು. ನೀನೇ ಹೇಳು ಎಂಬಂತೆ ಅಕ್ಕ ಗಲ್ಲ ಎತ್ತಿದಳು. ಇಣುಕಿ ಯಜಮಾನರ ಮುಖವನ್ನೇ ನೋಡುತ್ತ ಹೇಳಿದಳು: "ಆಚೆ. ನಾನು ಆಚೆ ಕೂರ್ತೀನಿ. ಆಗ ನಂದೂ ಮಿಷಿನ್ ಕಡೆಗೇ ಹೋಗುತ್ತೆ."

"ಏನಂತೆ?"

"ಆಚೆ ಕೂರ್ತಾಳಂತೆ," ಹೊಲಿಗೆಯಮ್ಮ ಹೇಳಿದರು. "ನನಗೆ ಅರ್ಥ ಆಯ್ತಪ್ಪ. ನಿನಗೇನು, ಕಿವಿ ಮಂದವಾಯ್ತಾ?"

ಕೋಣೆ ಗೊಳ್ಳೆಂದಿತು. ಯಜಮಾನರೂ ತಡೆಯಲಾರದೆ ನಕ್ಕು, ಅಂಗಿಯ ತೋಳು ಮಡಚಿ, ಮೇಜಿನ ಒಂದು ತುದಿ ಹಿಡಿದರು. "ಹಿಡೀರಿ ಎಲ್ಲರೂ. ಅದೂ ಆಗಿಹೋಗಲಿ."

ಎಷ್ಟೋ ವರ್ಷಗಳ ಮೇಲೆ ಮೇಜು ಗೋಡೆ ಬಿಟ್ಟಿತು. ಹಿಂದಿದ್ದ ಲೋಕವೆಲ್ಲ ಬಯಲಾಯಿತು: ಮೂರು ಪೆನ್ಸಿಲು, ಹಲ್ಲು ಮುರಿದ ಬಾಚಣಿಗೆ, ಒಂಟಿ ಚಪ್ಪಲಿ, ಧೂಳಿನ ಉಂಡೆಯೊಳಗೊಂದು ಕಿವಿಯೋಲೆ.

ಬಳೆಯವಳು ಓಲೆಯನ್ನು ಬಾಚಿಕೊಂಡಳು. "ನನ್ನದು! ಇದನ್ನ ಕದ್ದಳು ಅಂತ ನಾದಿನಿ ಹತ್ರ ಎರಡು ವರ್ಷದಿಂದ ಮಾತು ಬಿಟ್ಟಿದೀನಲ್ಲೇ! ಈಗ ಏನಂತ ಹೇಳ್ಲಿ ಅವಳಿಗೆ?"

"ಏನೂ ಹೇಳ್ಬೇಡ. ಹಾಕ್ಕೊಂಡು ಅವಳ ಮುಂದೆ ಓಡಾಡು," ಎಂದರು ಹೊಲಿಗೆಯಮ್ಮ.

ಬಳೆಯವಳೇ ಒಂದು ಸ್ಟೂಲನ್ನು ಗೋಡೆಯ ಬದಿಗೆ ಒಯ್ದಿಟ್ಟು, ಸೆರಗಿನಿಂದ ಧೂಳು ಒರೆಸಿ, ಇಣುಕಿಗೆ ಕೂರುವಂತೆ ಕಣ್ಣು ಮಾಡಿದಳು.

ಇಣುಕಿ ಬಲದಿಂದ ತೆಗೆದಳು, ಎಡಕ್ಕೆ ಹಾಕಿದಳು. ಎದುರಿನವರು ಎಡದಿಂದ ತೆಗೆದರು, ಬಲಕ್ಕೆ ಹಾಕಿದರು. ಎರಡೂ ಬದಿಯ ಮಡಿಕೆಗಳು ಒಂದೇ ಕಡೆಗೆ ಹರಿದು ಹೊಲಿಗೆಯಮ್ಮನ ಕೈ ಸೇರಿದವು. ಮೇಜು ಅದುರತೊಡಗಿತು; ಮತ್ತೆ ನಿಲ್ಲಲಿಲ್ಲ. ಅಷ್ಟೇ ಅಲ್ಲ, ಐದು ಮುಖಗಳೂ ಈಗ ಅವಳ ಎದುರಿಗಿದ್ದವು. ಬಳೆಯವಳು ನಾದಿನಿಯ ನಡಿಗೆಯನ್ನು ಭುಜದಲ್ಲೇ ಅಣಕಿಸಿ ಏನೋ ಅಂದಳು, ಸಾಲಿಗೆ ಸಾಲೇ ನಕ್ಕಿತು. ಇಣುಕಿಯೂ ನಕ್ಕಳು. ಎಲ್ಲರ ನಗು ನೋಡಿ ಆಮೇಲೆ ಸೇರಿಕೊಂಡ ನಗುವಲ್ಲ ಅದು. ಅವರ ಜೊತೆಗೇ ಬಂದದ್ದು.

ಸಂಜೆ ಯಜಮಾನರು ಇಣುಕಿಯ ಗುಡ್ಡೆಯಿಂದ ನಾಲ್ಕಾರು ಹಾಳೆ ಎಳೆದು, ಬೆಳಕಿಗೆ ಹಿಡಿದು, ಅಂಚು ಸವರಿ ನೋಡಿದರು. ಆಮೇಲೆ ಅವಳೆದುರು ಬಂದು ನಿಧಾನವಾಗಿ ಹೇಳಿದರು: "ನಾಳೆ ಒಂಬತ್ತಕ್ಕೆ ಬಾ. ನಾಡಿದ್ದೂ ಒಂಬತ್ತಕ್ಕೇ."

ಇಣುಕಿ ತಲೆಯಾಡಿಸಿದಳು. ಇನ್ನೊಮ್ಮೆ ಆಡಿಸಿದಳು.

ಚೀಲದಕ್ಕನ ಕೈ ಆಗಲೇ ಚೀಲದೊಳಗಿತ್ತು. "ಸಾರ್, ನಮ್ಮಲ್ಲಿ ಇನ್ನೂ ಮೂರು ಜನ ಇದಾರೆ..."

"ಗೊತ್ತಿತ್ತು ನನಗೆ! ಸರಿ, ಒಬ್ಬೊಬ್ಬರಾಗಿ ಕರ್ಕೊಂಡು ಬನ್ನಿ. ಆದ್ರೆ ಇನ್ಮೇಲಾದ್ರೂ ಪಕ್ಕದಲ್ಲಿ ಕೂತು ಕಲಿಸಿ."

ಇಣುಕಿ ಅವರ ತುಟಿ ಓದಿ ಮುಗಿಸಿ, ತನ್ನ ಬದಿಯ ಉದ್ದಕ್ಕೂ ಕಣ್ಣು ಹಾಯಿಸಿದಳು. ಆರು ಜನ ಕೂರಬಹುದಾದ ಬದಿಯಲ್ಲಿ ತಾನೊಬ್ಬಳೇ.

"ಬೇಡ," ಎಂದಳು. ಆ ದಿನ ಅವಳು ಎರಡನೇ ಸಲ ಬಾಯಿ ಬಿಟ್ಟದ್ದು. "ಎದುರಿಗೇ ಕೂತು ಕಲಿಸಿ ಅಕ್ಕ. ಇಲ್ಲಿ ಬೇಕಾದಷ್ಟು ಜಾಗ ಇದೆ."